ಸಲೈನ್ ಬಾಟಲಿಯ ಕೆಳಗಿನ ಎರಡು ಗಂಟೆ

(ಆರೈಕೆಯ ಕೆಲಸದಲ್ಲಿರುವವರ ಒತ್ತಡ ಮತ್ತು ದಣಿವಿನ ಬಗ್ಗೆ ರಾಯಚೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿಕೊಂಡಿದ್ದೇನೆ.)

ಸಭೆಗೆ ನಮಸ್ಕಾರ. ಇಲ್ಲಿ ಆಶಾ ಕಾರ್ಯಕರ್ತೆಯರಿದ್ದೀರಿ, ಅಂಗನವಾಡಿಯವರಿದ್ದೀರಿ, ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ಶುಶ್ರೂಷಕಿಯರಿದ್ದೀರಿ, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಅತ್ತೆಯನ್ನೋ ಮಾವನನ್ನೋ ವರ್ಷಗಟ್ಟಲೆ ನೋಡಿಕೊಳ್ಳುತ್ತಿರುವ ಸೊಸೆಯಂದಿರೂ ಇದ್ದೀರಿ. ನಿಮ್ಮೆಲ್ಲರ ಕೆಲಸ ಬೇರೆ ಬೇರೆಯಾದರೂ ಒಂದು ವಿಷಯದಲ್ಲಿ ನೀವು ಒಂದೇ ಸಾಲಿನವರು: ಊರಿನ, ಮನೆಯ, ವಾರ್ಡಿನ ಆರೋಗ್ಯವನ್ನು ವಿಚಾರಿಸುವ ನಿಮ್ಮ ಆರೋಗ್ಯವನ್ನು ವಿಚಾರಿಸುವವರು ಕಡಿಮೆ. ಹಾಗಾಗಿ ಇಂದು ರೋಗಿಗಳ ವಿಷಯ ಬದಿಗಿಟ್ಟು ನಿಮ್ಮ ವಿಷಯವನ್ನಷ್ಟೇ ಮಾತನಾಡುತ್ತೇನೆ.

ನಮ್ಮ ಭಾಗದ ಚಿಕಿತ್ಸಾಲಯಗಳಲ್ಲಿ ದಿನವೂ ಕೇಳಿಬರುವ ಮಾತೊಂದಿದೆ. ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಬಂದು ಕುರ್ಚಿಯ ಅಂಚಿನಲ್ಲಿ ಕೂರುತ್ತಾಳೆ. ಏನಾಗಿದೆ ಎಂದರೆ, "ಭಾಳ ಸುಸ್ತ ಆಗೇತ್ರಿ, ಕೈಕಾಲಾಗ ಜೀವಾನೇ ಇಲ್ಲ, ಒಂದು ಸಲೈನ್ ಹಚ್ಚಿಬಿಡ್ರಿ" ಎನ್ನುತ್ತಾಳೆ. ಪರೀಕ್ಷೆಯ ಮಾತು ತೆಗೆದರೆ ಮುಖ ಸಣ್ಣದಾಗುತ್ತದೆ. ಬಾಟಲಿ ತೂಗುಹಾಕಿದರೆ ಸಮಾಧಾನವಾಗುತ್ತದೆ. ಆ ಬಾಟಲಿಯಲ್ಲಿ ಏನಿದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಶೇಕಡಾ 5ರ ಗ್ಲುಕೋಸ್ ಬಾಟಲಿ 500 ಮಿಲಿಲೀಟರಿನದಾದರೆ ಅದರಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ಅದರಿಂದ ಸಿಗುವ ಶಕ್ತಿ ನೂರು ಕ್ಯಾಲೊರಿಗಿಂತಲೂ ಕಡಿಮೆ. ಶೇಕಡಾ 0.9ರ ಉಪ್ಪುನೀರಿನ ಬಾಟಲಿಯಾದರೆ ನಾಲ್ಕೂವರೆ ಗ್ರಾಂ ಉಪ್ಪು. ವಾಂತಿ ಭೇದಿಯಾಗಿ ನೀರು ಕುಡಿಯಲಾಗದವರಿಗೆ, ಆಘಾತಕ್ಕೊಳಗಾದವರಿಗೆ, ಶಸ್ತ್ರಚಿಕಿತ್ಸೆಯವರಿಗೆ ಇದು ಜೀವ ಉಳಿಸುವ ದ್ರವ. ನಡೆದುಕೊಂಡು ಬಂದು ಮಾತನಾಡುತ್ತಿರುವವರಿಗೆ ಇದು ಕೊಡುವುದನ್ನು ಒಂದು ದೊಡ್ಡ ಲೋಟ ನಿಂಬೆ ಶರಬತ್ತೂ ಕೊಡುತ್ತದೆ.

ಆದರೂ ಸಲೈನ್ ಹಾಕಿಸಿಕೊಂಡವರು "ಈಗ ಹಗುರಾತ್ರಿ" ಎಂದು ಎದ್ದು ಹೋಗುವುದು ಸುಳ್ಳಲ್ಲ. ಬಹಳ ದಿನ ನಾನು ಇದನ್ನು ಬರೀ ನಂಬಿಕೆಯ ಫಲ ಎಂದುಕೊಂಡಿದ್ದೆ. ಗಮನವಿಟ್ಟು ನೋಡಿದರೆ ಅಲ್ಲಿ ನಡೆಯುವುದು ಬೇರೆ. ಸೂಜಿ ಚುಚ್ಚಿದ ಕೈಯನ್ನು ಅಲುಗಾಡಿಸುವಂತಿಲ್ಲವಾದ್ದರಿಂದ ಎರಡು ಗಂಟೆ ಅವಳು ಮಲಗಿಯೇ ಇರಬೇಕು. ಫ್ಯಾನ್ ತಿರುಗುತ್ತಿರುತ್ತದೆ. ಪಕ್ಕದಲ್ಲಿ ಗಂಡನೋ ಮಗನೋ ಕೂತಿರುತ್ತಾನೆ, ಆ ದಿನ ರೊಟ್ಟಿ ಯಾರು ಬಡಿಯುತ್ತಾರೆ ಎಂಬ ಪ್ರಶ್ನೆಯನ್ನು ಯಾರೂ ಅವಳ ಮುಂದೆ ಎತ್ತುವುದಿಲ್ಲ. ಫೋನ್ ಬೇರೆಯವರ ಕೈಯಲ್ಲಿರುತ್ತದೆ. ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿರುತ್ತದೆ. ವಾರದಲ್ಲಿ ಹಗಲು ಹೊತ್ತು ಅವಳು ಬೆನ್ನು ನೆಲಕ್ಕೆ ಹಚ್ಚಿದ್ದು ಅದೇ ಮೊದಲು. ಅವಳನ್ನು ಹಗುರ ಮಾಡಿದ್ದು ಆ ವಿಶ್ರಾಂತಿ. ಬಾಟಲಿ ಅದಕ್ಕೆ ಸಿಕ್ಕ ಪರವಾನಗಿ. ರೋಗವೆಂಬ ಚೀಟಿ ಇಲ್ಲದೆ ಮಲಗುವ ಹಕ್ಕು ನಮ್ಮ ಮನೆಗಳಲ್ಲಿ ಹೆಂಗಸರಿಗೆ ಇನ್ನೂ ಬಂದಿಲ್ಲ ಎಂಬುದೇ ನನ್ನ ಇಂದಿನ ಮಾತಿನ ತಿರುಳು. ಸ್ವ-ಆರೈಕೆ ಎಂದು ಈಚೆಗೆ ಎಲ್ಲರೂ ಹೇಳುತ್ತಿರುವುದನ್ನು ನಾನು ಈ ಹಕ್ಕಿನ ಪ್ರಶ್ನೆಯಾಗಿಯೇ ನೋಡುತ್ತೇನೆ.

ಒತ್ತಡ ಎಂಬುದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ "ಟೆನ್ಶನ್ ತೊಗೋಬ್ಯಾಡ" ಎಂಬ ಉಪದೇಶ ಕೊಡುವವರು ಅದನ್ನು ಕೈಬಿಡಬಹುದಾದ ವಸ್ತುವಿನಂತೆ ಭಾವಿಸಿರುತ್ತಾರೆ. ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪಾಯ ಎದುರಾದಾಗ ಪ್ರಾಣಿಯ ದೇಹ ಹೋರಾಡುವುದಕ್ಕೋ ಓಡುವುದಕ್ಕೋ ಹೇಗೆ ಸಜ್ಜಾಗುತ್ತದೆ ಎಂಬುದನ್ನು ವಿವರಿಸಿದರು. ಅಡ್ರಿನಲಿನ್ ಸ್ರವಿಸುತ್ತದೆ, ಎದೆಬಡಿತ ಏರುತ್ತದೆ, ರಕ್ತ ಜೀರ್ಣಾಂಗಗಳಿಂದ ಕೈಕಾಲಿನ ಸ್ನಾಯುಗಳ ಕಡೆಗೆ ಹರಿಯುತ್ತದೆ. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಮಾಂಟ್ರಿಯಲ್‌ನಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ 1936ರಲ್ಲಿ ಇನ್ನೊಂದು ಸಂಗತಿಯನ್ನು ಮುಂದಿಟ್ಟರು. ಪೀಡಿಸುವ ವಸ್ತು ಚಳಿಯಾಗಲಿ, ಗಾಯವಾಗಲಿ, ಅತಿಶ್ರಮವಾಗಲಿ, ದೇಹದ ಪ್ರತಿಕ್ರಿಯೆ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಮೊದಲು ಎಚ್ಚೆತ್ತುಕೊಳ್ಳುತ್ತದೆ, ನಂತರ ತಾಳಿಕೊಳ್ಳುತ್ತದೆ, ಪೀಡೆ ನಿಲ್ಲದೇ ಹೋದರೆ ಕೊನೆಗೆ ಸೋಲುತ್ತದೆ. ಅವರ ಸಿದ್ಧಾಂತದ ಕೆಲವು ಭಾಗಗಳನ್ನು ನಂತರದವರು ತಿದ್ದಿದ್ದಾರೆ. ಆದರೆ ತಾಳಿಕೊಳ್ಳುವ ಎರಡನೆಯ ಹಂತವೇ ಮೋಸದ್ದು ಎಂಬುದು ನನ್ನ ಅನುಭವಕ್ಕೂ ಹೊಂದುತ್ತದೆ. ಆ ಹಂತದಲ್ಲಿರುವವರು ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತಾರೆ, ಎಲ್ಲರಿಂದ ಶಹಬ್ಬಾಸ್ ಪಡೆಯುತ್ತಿರುತ್ತಾರೆ, ಒಳಗೆ ರಕ್ತದೊತ್ತಡ ಮತ್ತು ಸಕ್ಕರೆ ನಿಧಾನವಾಗಿ ಏರುತ್ತಿರುತ್ತವೆ.

ನಡುರಾತ್ರಿ ಹೆರಿಗೆ ನೋವಿನ ಕರೆ ಬಂದಾಗ ಆಶಾ ಕಾರ್ಯಕರ್ತೆಯ ಎದೆ ಹೊಡೆದುಕೊಳ್ಳುವುದು ಆರೋಗ್ಯವಂತ ಪ್ರತಿಕ್ರಿಯೆ. 108ಕ್ಕೆ ಫೋನ್ ಮಾಡಿ, ಬಾಣಂತಿಯಾಗುವವಳನ್ನು ಗಾಡಿ ಹತ್ತಿಸಿ, ಮಗು ಅತ್ತ ಸದ್ದು ಕೇಳಿದ ಮೇಲೆ ಆ ಬಡಿತ ಇಳಿಯಬೇಕು. ಮರುದಿನ ಮಧ್ಯಾಹ್ನ ಯಾವುದೋ ಸಾಲದ ಕಂತಿನ ಕರೆ ಬಂದಾಗಲೂ ಎದೆ ಅಷ್ಟೇ ಜೋರಾಗಿ ಹೊಡೆದುಕೊಂಡರೆ, ದೇಹ ಎಚ್ಚರದ ಸ್ಥಿತಿಯಿಂದ ಕೆಳಗಿಳಿಯುವುದನ್ನೇ ಮರೆತಿದೆ ಎಂದು ತಿಳಿಯಬೇಕು. ಒತ್ತಡವಿಲ್ಲದ ಬದುಕನ್ನು ಯಾರೂ ಕೊಡಲಾರರು. ಏರಿದ್ದು ಇಳಿಯುವುದಕ್ಕೆ ದಿನಕ್ಕೆ ಒಂದಿಷ್ಟು ಹೊತ್ತು ಸಿಗುವಂತೆ ಮಾಡಿಕೊಳ್ಳಬಹುದು.

ಇನ್ನು ದಣಿವಿನ ವಿಷಯ. ದಣಿವೆಲ್ಲ ಮನಸ್ಸಿನಿಂದಲೇ ಬರುತ್ತದೆ ಎಂದು ಹೇಳುವುದು ಈಚಿನ ಫ್ಯಾಷನ್ನು. ನಾನು ಅದನ್ನು ಒಪ್ಪುವುದಿಲ್ಲ. ಧ್ಯಾನ, ಯೋಗ, ಸಕಾರಾತ್ಮಕ ಚಿಂತನೆ ಎಂದು ಶುರುಮಾಡುವ ಮುನ್ನ ರಕ್ತ ತೋರಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಈ ಸಭೆಯಲ್ಲಿ ಕೂತವರನ್ನು ಎಣಿಸಿದರೆ ಇದರ ಅರ್ಥ ಏನೆಂದು ನಿಮಗೇ ಗೊತ್ತಾಗುತ್ತದೆ. ಗರ್ಭಿಣಿಯಲ್ಲದ ಹೆಣ್ಣಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ ಎಂದು ನೀವೇ ಊರಿನವರಿಗೆ ಹೇಳುತ್ತೀರಿ. ನಿಮ್ಮದು ಎಷ್ಟಿದೆ ಎಂದು ಕೇಳಿದರೆ ಬಹಳ ಮಂದಿ ಕೊನೆಯ ಹೆರಿಗೆಯ ಸಮಯದ ಅಂಕಿಯನ್ನು ಹೇಳುತ್ತೀರಿ. ಮೆಟ್ಟಿಲು ಹತ್ತಿದರೆ ಏದುಸಿರು, ನಿಂತಲ್ಲಿ ಕಣ್ಣು ಕತ್ತಲೆ, ಮಕ್ಕಳ ಮೇಲೆ ಸುಮ್ಮಸುಮ್ಮನೆ ಸಿಟ್ಟು, ಇವೆಲ್ಲ ರಕ್ತ ಕಡಿಮೆಯಾದವರ ಲಕ್ಷಣಗಳು. ಅವರಿಗೆ ಧೈರ್ಯ ಹೇಳಿ ಪ್ರಯೋಜನವಿಲ್ಲ, ಕಬ್ಬಿಣಾಂಶದ ಮಾತ್ರೆ ಕೊಡಬೇಕು.

ಆ ಮಾತ್ರೆಯ ವಿಷಯದಲ್ಲಿ ನಮ್ಮ ಊರುಗಳ ಒಂದು ಅಭ್ಯಾಸವನ್ನು ಹೇಳಲೇಬೇಕು. ಊಟವಾದ ಕೂಡಲೇ ಚಹಾ ಕುಡಿಯುವುದು, ಕೆಲವರು ಮಾತ್ರೆಯನ್ನು ಚಹಾದ ಜೊತೆಗೇ ನುಂಗುವುದು. ಚಹಾದ ಒಗರಿನ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳಿನಲ್ಲಿ ಹೀರದಂತೆ ಮಾಡುತ್ತದೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ತಾಸಿನ ಅಂತರವಿರಲಿ. ಮಾತ್ರೆಯನ್ನು ನಿಂಬೆಹಣ್ಣಿನ ನೀರಿನೊಂದಿಗೆ ತೆಗೆದುಕೊಂಡರೆ ಹೀರಿಕೆ ಹೆಚ್ಚುತ್ತದೆ. ಮಲ ಕಪ್ಪಾಗುವುದನ್ನು ನೋಡಿ ಹೆದರಿ ಮಾತ್ರೆ ಬಿಡುವವರಿದ್ದಾರೆ, ಅದು ಸಹಜ. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ ಇರುವ ನಮ್ಮ ತಾಟು ಬಡತನದ ತಾಟೇನಲ್ಲ; ತೊಂದರೆ ಇರುವುದು ಆ ತಾಟಿನ ಮುಂದೆ ಹೆಣ್ಣುಮಗಳು ಕೂರುವ ಹೊತ್ತಿನಲ್ಲಿ. ಎಲ್ಲರಿಗೂ ಬಡಿಸಿ, ಪಲ್ಯ ತಳ ಕಂಡ ಮೇಲೆ ಅವಳು ಉಣ್ಣುತ್ತಾಳೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ಎಷ್ಟೋ ವರ್ಷಗಳಿಂದ ಹೇಳುತ್ತಿರುವ ದೂರೇ ಇಲ್ಲಿಯೂ ಇದೆ: ಮೇಲಿನವರೆಲ್ಲ ಹರಿಸಿಕೊಂಡ ಮೇಲೆ ಉಳಿದದ್ದು ಕೊನೆಗೆ ತಲುಪುತ್ತದೆ, ಕೆಲವೊಮ್ಮೆ ತಲುಪುವುದೇ ಇಲ್ಲ. ಅನ್ನದ ವಿಷಯದಲ್ಲೂ ನಿದ್ದೆಯ ವಿಷಯದಲ್ಲೂ ಮನೆಯ ಹೆಂಗಸು ಕಾಲುವೆಯ ಕೊನೆ ಭಾಗದಲ್ಲಿದ್ದಾಳೆ.

ರಕ್ತ ಸರಿಯಿದ್ದೂ ಸುಸ್ತು ಹೋಗದಿದ್ದರೆ ಥೈರಾಯ್ಡ್, ಸಕ್ಕರೆ, ಬಿ12 ನೋಡಬೇಕು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಜೊತೆಗಿದ್ದರೆ ಕಫ ಪರೀಕ್ಷೆ ಮಾಡಿಸಬೇಕು ಎಂದು ನಿಮಗೆ ಹೇಳಬೇಕಾಗಿಲ್ಲ.

ಬಿಸಿಲಿನ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತನಾಡಬೇಕು. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾದರಸ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಬೇಸಿಗೆಯ ಈ ಎರಡು ತಿಂಗಳು ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಸುವ ಪದ್ಧತಿ ಇದೆ. ಇದನ್ನು ನಾವು ಒಂದು ಸೌಲಭ್ಯವೆಂದಷ್ಟೇ ನೋಡುತ್ತೇವೆ. ಮನುಷ್ಯನ ದೇಹಕ್ಕೆ ಮಿತಿ ಇದೆ ಎಂದು ಆಡಳಿತವೇ ಕಾಗದದ ಮೇಲೆ ಒಪ್ಪಿಕೊಂಡ ಅಪರೂಪದ ಉದಾಹರಣೆಯೂ ಹೌದು. ಹತ್ತಿ ಹೊಲದಲ್ಲಿ, ಅಕ್ಕಿ ಗಿರಣಿಯಲ್ಲಿ, ಮನೆಮನೆ ಸಮೀಕ್ಷೆಯಲ್ಲಿ ಇರುವವರಿಗೆ ಆ ಆದೇಶ ಅನ್ವಯಿಸುವುದಿಲ್ಲ. ಅಡುಗೆಮನೆಗಂತೂ ಯಾವ ಆದೇಶವೂ ಬರುವುದಿಲ್ಲ, ಮಧ್ಯಾಹ್ನದ ಒಲೆಯ ಮುಂದಿನ ಉಷ್ಣತೆಯನ್ನು ಹವಾಮಾನ ಇಲಾಖೆಯೂ ಅಳೆಯುವುದಿಲ್ಲ.

ದೇಹದ ತೂಕದ ಶೇಕಡಾ 2ರಷ್ಟು ನೀರು ಕಳೆದುಕೊಂಡರೆ ಸಾಕು, ಗಮನ ತಪ್ಪುತ್ತದೆ, ತಲೆ ಸಿಡಿಯುತ್ತದೆ, ಸಣ್ಣ ಮಾತಿಗೂ ರೇಗುತ್ತೇವೆ. 50 ಕಿಲೋ ತೂಕದವರಿಗೆ ಅದು ಒಂದು ಲೀಟರ್ ಬೆವರು. ಸಮೀಕ್ಷೆಗೆ ಹೋಗುವ ಕಾರ್ಯಕರ್ತೆಯರನ್ನು ನೀರು ಏಕೆ ಕುಡಿಯಲಿಲ್ಲ ಎಂದು ಕೇಳಿದಾಗ ಸಿಗುವ ಉತ್ತರ ಬಾಯಾರಿಕೆಗೆ ಸಂಬಂಧಿಸಿದ್ದಲ್ಲ. "ನೀರ ಕುಡದರ ಒಂದಕ್ಕ ಎಲ್ಲಿ ಹೋಗೂದ್ರಿ?" ಎಂದು ಅವರು ಕೇಳುತ್ತಾರೆ. ಶೌಚಾಲಯವಿಲ್ಲದ ದಾರಿಯಲ್ಲಿ ಬೆಳಗಿನಿಂದ ಗಂಟಲು ಒಣಗಿಸಿಕೊಂಡು ನಡೆಯುವ ಹೆಣ್ಣುಮಗಳಿಗೆ ಸಂಜೆ ತಲೆನೋವು, ಉರಿಮೂತ್ರ, ಅದರ ಮೇಲೆ ಮನೆಯವರಿಂದ "ಯಾವಾಗ ನೋಡಿದರೂ ಸಿಡುಕು" ಎಂಬ ಬಿರುದು. ಇಂಥ ಕಡೆ ಸ್ವ-ಆರೈಕೆ ಎಂದರೆ ಹೋಗುವ ಓಣಿಯಲ್ಲಿ ಪರಿಚಯದ ಒಂದು ಮನೆಯನ್ನು ಗೊತ್ತುಮಾಡಿಕೊಂಡು, ಸಂಕೋಚ ಬಿಟ್ಟು ಬಚ್ಚಲು ಕೇಳುವುದು. ಕೆಲಸಕ್ಕೆ ಹೊರಡುವ ಮುನ್ನ ಮಜ್ಜಿಗೆ ಅಥವಾ ಅಂಬಲಿ ಕುಡಿಯಿರಿ. ಬಹಳ ಬೆವರಿದ ದಿನ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಸ್ವಲ್ಪ ಸ್ವಲ್ಪವೇ ಕುಡಿಯಬಹುದು. ಭೇದಿಯಾದ ಮಗುವಿಗೆ ನೀವು ಕಲಿಸಿಕೊಡುವ ಅದೇ ಅಳತೆ.

ಈಗ ನಿದ್ದೆಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಇದು ಎಲ್ಲಕ್ಕಿಂತ ದೊಡ್ಡ ವಿಷಯ. ವಯಸ್ಕರಿಗೆ ರಾತ್ರಿಗೆ ಏಳು ತಾಸಿನ ನಿದ್ದೆ ಬೇಕು. ನಾಲ್ಕೂವರೆಗೆ ಎದ್ದು ನೀರು ಹಿಡಿದು, ರಾತ್ರಿ ಹನ್ನೊಂದರವರೆಗೆ ಪಾತ್ರೆ ತಿಕ್ಕುವವರಿಗೆ ಐದೂವರೆ ತಾಸು ಸಿಕ್ಕರೆ ಹೆಚ್ಚು. ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದ ಒಂದು ಸಂಗತಿಯನ್ನು ನಾನು ಎಲ್ಲ ಸಭೆಗಳಲ್ಲೂ ಹೇಳುತ್ತೇನೆ. 17 ತಾಸು ಸತತ ಎಚ್ಚರವಿದ್ದವರ ಕೈ ಮತ್ತು ಬುದ್ಧಿಯ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನು ಹಾಕಿರುವ ಮಿತಿ 30 ಮಿಲಿಗ್ರಾಂ. ಅಂದರೆ ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಸ್ಕೂಟಿ ಹತ್ತುವ ಶುಶ್ರೂಷಕಿಯೂ ಕುಡಿದು ಗಾಡಿ ಓಡಿಸುವವನೂ ರಸ್ತೆಯ ಮೇಲೆ ಸರಿಸುಮಾರು ಸಮಾನರು, ಒಬ್ಬರಿಗೆ ದಂಡ ಬೀಳುತ್ತದೆ, ಇನ್ನೊಬ್ಬರಿಗೆ ಕರ್ತವ್ಯನಿಷ್ಠೆಯ ಹೊಗಳಿಕೆ ಸಿಗುತ್ತದೆ.

ರಾತ್ರಿ ಪಾಳಿಯವರ ಕಷ್ಟ ಇನ್ನೂ ಬೇರೆ. ನಮ್ಮ ಜೀವಕೋಶಗಳ ಒಳಗೇ ಹಗಲು ರಾತ್ರಿಯ ಗಡಿಯಾರವಿದೆ; ಅದರ ಯಂತ್ರವನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರಕ್ಕೆ ಪಾಳಿಪಟ್ಟಿ ಗೊತ್ತಿಲ್ಲ, ಬೆಳಕು ಗೊತ್ತು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಾಗಲಿ, ಹಟ್ಟಿಯ ಗಣಿಯಲ್ಲಾಗಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಾಗಲಿ ಪಾಳಿ ಮಾಡುವ ಮನೆಯವರಿರುವವರು ಇದನ್ನು ಗಮನಿಸಿರುತ್ತೀರಿ: ಹಗಲು ಎಂಟು ತಾಸು ಮಲಗಿದರೂ ಎದ್ದಾಗ ಮುಖದಲ್ಲಿ ಕಳೆ ಇರುವುದಿಲ್ಲ. ಪಾಳಿಗೆ ಹೋಗುವ ಮುನ್ನ ಸಂಜೆ ಒಂದೂವರೆ ತಾಸು ಮಲಗಿ ಏಳುವುದು ಬಹಳ ಉಪಯೋಗಕ್ಕೆ ಬರುತ್ತದೆ. ವಾರ್ಡ್ ಶಾಂತವಾಗಿದ್ದಾಗ, ಜೊತೆಗಾರ್ತಿಗೆ ಹೇಳಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದನ್ನು ಕಳ್ಳತನವೆಂದು ಭಾವಿಸಬೇಡಿ. ಔಷಧದ ಅಳತೆ ತಪ್ಪದಿರಲು ಅದು ಬೇಕು. ನಸುಕಿನ ಮೂರರ ನಂತರದ ಚಹಾ ಬಿಡಿ, ಏಕೆಂದರೆ ಅದರ ಕೆಫೀನಿನ ಅರ್ಧ ಭಾಗ ಸುಮಾರು ಐದು ತಾಸಿನ ನಂತರವೂ ರಕ್ತದಲ್ಲಿರುತ್ತದೆ, ನೀವು ಮಲಗುವ ಹೊತ್ತಿಗೆ ಸರಿಯಾಗಿ ಅದು ಎಚ್ಚರ ಹಿಡಿಯುತ್ತದೆ. ಮನೆಗೆ ಮರಳುವಾಗ ತಂಪು ಕನ್ನಡಕ ಹಾಕಿಕೊಳ್ಳಿ, ಇಲ್ಲವೆ ಸೆರಗನ್ನು ಹಣೆಯ ಮೇಲೆ ಎಳೆದುಕೊಳ್ಳಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಷ್ಟೂ ಮಿದುಳು ಹಗಲಾಯಿತೆಂದು ತಿಳಿಯುತ್ತದೆ. ಕಣ್ಣೆಳೆಯುತ್ತಿದ್ದರೆ ಸ್ಕೂಟಿ ಅಲ್ಲೇ ಬಿಟ್ಟು ಬಸ್ಸಿಗೆ ಬನ್ನಿ.

ಮಲಗುವ ಕೋಣೆಗೆ ಕತ್ತಲೆ ಮತ್ತು ತಂಪು ಬೇಕು. ನಮ್ಮ ಬೇಸಿಗೆಯಲ್ಲಿ ತಂಪೆಲ್ಲಿಂದ ಎಂದು ನೀವು ನಗುತ್ತಿದ್ದೀರಿ, ಸರಿಯೇ. ಕಿಟಕಿಗೆ ಲಾವಂಚದ ತಟ್ಟಿ ಅಥವಾ ಒದ್ದೆ ಗೋಣಿಚೀಲ ಕಟ್ಟುವ ಹಳೆಯ ಪದ್ಧತಿ ನಮ್ಮ ಒಣ ಹವೆಗೆ ಬಹಳ ಹೊಂದುತ್ತದೆ. ಕೋಣೆಯೇ 40 ಡಿಗ್ರಿ ಕಾದಿದ್ದರೆ ಬರೀ ಫ್ಯಾನ್ ಬಿಸಿಗಾಳಿಯನ್ನು ಮೈಗೆ ಬಡಿಯುತ್ತದೆ, ಹಾಗಾಗಿ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು ಫ್ಯಾನಿನ ಕೆಳಗೆ ಮಲಗಬೇಕು.

ಮನಸ್ಸಿನ ದಣಿವನ್ನು ಕೊನೆಗೆ ಇಟ್ಟುಕೊಂಡಿದ್ದು ಅದು ಸಣ್ಣದೆಂದಲ್ಲ, ಮೇಲಿನದೆಲ್ಲ ಸರಿಯಾದ ಮೇಲೂ ಉಳಿಯುವುದು ಅದು ಎಂಬ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಎಂಬುದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿಯಾಗಿ ವಿವರಿಸಿದೆ, ರೋಗವೆಂದು ಕರೆದಿಲ್ಲ. ನಿಭಾಯಿಸದೆ ಉಳಿದ ಕೆಲಸದ ಒತ್ತಡದಿಂದ ಶಕ್ತಿ ಬರಿದಾಗುವುದು, ಕೆಲಸದ ಬಗ್ಗೆ ಒಂದು ಬಗೆಯ ದೂರ ಮತ್ತು ಕಹಿ ಬೆಳೆಯುವುದು, ಎಷ್ಟು ಮಾಡಿದರೂ ಏನೂ ಸಾಧಿಸಿಲ್ಲ ಅನಿಸುವುದು, ಈ ಮೂರು ಅದರ ಗುರುತುಗಳು. ಆರೈಕೆಯ ಕೆಲಸದವರಲ್ಲಿ ಎರಡನೆಯದು ಬಹಳ ಕಾಡುತ್ತದೆ. ಅಳುವ ಬಾಣಂತಿಯನ್ನು ಕಂಡಾಗ ಕರುಣೆ ಬರುವ ಬದಲು "ಇವಳದೊಂದು ನಾಟಕ" ಅನಿಸುತ್ತದೆ. ಹಾಗನಿಸಿದ್ದಕ್ಕೆ ರಾತ್ರಿ ತನ್ನನ್ನೇ ಬೈದುಕೊಳ್ಳುತ್ತಾಳೆ. ನೀವು ಕೆಟ್ಟವರಾಗಿಲ್ಲ, ದಣಿದಿದ್ದೀರಿ. ಮರಗಟ್ಟುವುದು ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ಒಂದು ಉಪಾಯ, ಕರುಣೆ ವಿಶ್ರಾಂತಿಯಿಂದ ಮರಳುತ್ತದೆ.

ನಮ್ಮಲ್ಲಿ ಇದಕ್ಕೆ ಅಡ್ಡ ಬರುವುದು ಕಾಯಕದ ಹೆಸರಿನಲ್ಲಿ ಹೇಳುವ ಉಪದೇಶ. ಕಾಯಕವೇ ಕೈಲಾಸ ಎಂಬ ಮಾತು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ ಬರುತ್ತದೆ. ಅವರು ಮತ್ತು ಅವರ ಹೆಂಡತಿ ಲಕ್ಕಮ್ಮ ನಮ್ಮ ಲಿಂಗಸೂಗೂರು ತಾಲೂಕಿನ ಅಮರೇಶ್ವರದವರು. ಆ ಮಾತನ್ನು ಗೋಡೆಯ ಮೇಲೆ ಬರೆಸುವವರು ಲಕ್ಕಮ್ಮನ ಪ್ರಸಂಗವನ್ನು ಬರೆಸುವುದಿಲ್ಲ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದಷ್ಟನ್ನು ಇಟ್ಟು ಉಳಿದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಆ ಪ್ರಸಂಗವನ್ನು ಆಸೆಯ ನಿಗ್ರಹವೆಂದೇ ವ್ಯಾಖ್ಯಾನಿಸುತ್ತಾರೆ. ದುಡಿಮೆಗೂ ಒಂದು ಅಳತೆಯಿದೆ, ಅದನ್ನು ಮೀರಿದ್ದು ಕಾಯಕವಾಗಲಾರದು ಎಂದು ಅದನ್ನು ಓದಿಕೊಳ್ಳುವ ಸ್ವಾತಂತ್ರ್ಯವನ್ನು ನಾನು ತೆಗೆದುಕೊಂಡಿದ್ದೇನೆ.

ದಿನದಲ್ಲಿ ಏನು ಮಾಡಬಹುದು ಎಂದರೆ, ದೊಡ್ಡ ವ್ರತಗಳನ್ನು ನಾನು ಹೇಳುವುದಿಲ್ಲ. ನಾಲ್ಕು ಎಣಿಸುವವರೆಗೆ ಉಸಿರು ಎಳೆದುಕೊಂಡು ಆರು ಎಣಿಸುವವರೆಗೆ ಬಿಡಿ. ಹೀಗೆ ಐದು ನಿಮಿಷ. ನಿಮಿಷಕ್ಕೆ ಆರು ಉಸಿರಿನ ಆಸುಪಾಸಿಗೆ ಇಳಿದಾಗ, ಅದರಲ್ಲೂ ಬಿಡುವ ಉಸಿರು ಉದ್ದವಾದಾಗ, ವೇಗಸ್ ನರದ ಮೂಲಕ ಹೃದಯದ ಬಡಿತ ನಿಧಾನವಾಗುತ್ತದೆ. ಬಸ್ಸಿನಲ್ಲಿ ಕೂತು, ಸರದಿಯಲ್ಲಿ ನಿಂತು ಮಾಡಬಹುದು, ಚಾಪೆ ಬೇಕಿಲ್ಲ. ಮೊಬೈಲಿನಲ್ಲಿ ಬೆಳಗಾದರೆ ಬಂದು ಬೀಳುವ ಸುಭಾಷಿತಗಳಿಗಿಂತ ಇದು ಉಪಕಾರಿ. ಕೆಲಸಕ್ಕಾಗಿ ನಡೆಯುವುದು ಬೇರೆ, ಸಂಜೆ ತಂಪಾದ ಮೇಲೆ ಗೆಳತಿಯ ಜೊತೆ ಅರ್ಧ ತಾಸು ಸುಮ್ಮನೆ ನಡೆಯುವುದು ಬೇರೆ. ಎರಡನೆಯದರಲ್ಲಿ ಮಾತೂ ಹೊರಬರುತ್ತದೆ. ತಂಬಾಕು, ಗುಟ್ಕಾ ಒತ್ತಡ ಇಳಿಸುತ್ತವೆ ಎಂಬುದು ಭ್ರಮೆ, ಹಿಂದಿನ ಚೀಟಿನ ಚಟ ಎಬ್ಬಿಸಿದ ಚಡಪಡಿಕೆಯನ್ನು ಮುಂದಿನ ಚೀಟು ತಣಿಸುತ್ತದೆ, ಅಷ್ಟೆ. ಮದ್ಯ ಬೇಗ ನಿದ್ದೆ ಹತ್ತಿಸಿ ನಡುರಾತ್ರಿ ಎಬ್ಬಿಸುತ್ತದೆ ಎಂಬುದನ್ನು ಮನೆಯ ಗಂಡಸರಿಗೆ ಹೇಳಿ.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಗೌರವಧನ ತಡವಾದದ್ದರ ಚಿಂತೆಯನ್ನು ಪ್ರಾಣಾಯಾಮ ಕಳೆಯುವುದಿಲ್ಲ. ಗಂಡ ಗುಳೆ ಹೋದ ಮನೆಯಲ್ಲಿ ಮಕ್ಕಳು, ಮುದುಕರು, ಎಮ್ಮೆ ಮೂರನ್ನೂ ಒಬ್ಬಳೇ ನೋಡುವವಳಿಗೆ "ನಿನಗಾಗಿ ಸಮಯ ಇಟ್ಟುಕೋ" ಎನ್ನುವುದು ಚೇಷ್ಟೆಯಂತೆ ಕೇಳಿಸುತ್ತದೆ. ಸ್ವ-ಆರೈಕೆಯ ಹೊಣೆಯನ್ನೆಲ್ಲ ದಣಿದವರ ತಲೆಗೇ ಕಟ್ಟುವುದು ಕೆಲಸ ಕೊಟ್ಟವರಿಗೂ ಮನೆಯವರಿಗೂ ಅನುಕೂಲವಾದ ವಾದ. 1948ರ ಕಾರ್ಖಾನೆ ಕಾಯ್ದೆಯನ್ನು ಬರೆದವರು ಐದು ತಾಸು ದುಡಿದ ಮೇಲೆ ಅರ್ಧ ತಾಸಿನ ಬಿಡುವು ಕೊಡಲೇಬೇಕೆಂದು ಬರೆದಿದ್ದರು; ಕಾರ್ಮಿಕನಿಗೆ ಆತ್ಮಸಂಯಮ ಕಲಿಸಿ ಎಂದು ಬರೆಯಲಿಲ್ಲ. ಆದ್ದರಿಂದ ಇಲ್ಲಿಗೆ ಬಂದಿರುವ ಗಂಡಸರಿಗೆ ಒಂದು ಕೆಲಸ ಹೇಳುತ್ತೇನೆ: ವಾರದಲ್ಲಿ ಒಂದು ಮಧ್ಯಾಹ್ನ ಅಡುಗೆಮನೆ, ಮಕ್ಕಳು, ಹಾಸಿಗೆ ಹಿಡಿದವರು, ಮೂರನ್ನೂ ನೀವು ವಹಿಸಿಕೊಳ್ಳಿ. "ಸಹಾಯ ಮಾಡಲಾ?" ಎಂದು ಕೇಳಬೇಡಿ. ಏನು ಎಲ್ಲಿದೆ ಎಂದು ಪ್ರತಿ ಐದು ನಿಮಿಷಕ್ಕೆ ಅವರನ್ನು ಎಬ್ಬಿಸಲೂ ಬೇಡಿ.

ಎಲ್ಲ ದಣಿವೂ ವಿಶ್ರಾಂತಿಯಿಂದ ಹೋಗುವುದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಭಾಗ ಬೇಸರ, ಇಷ್ಟವಾಗುತ್ತಿದ್ದ ಯಾವುದರಲ್ಲೂ ರುಚಿ ಇಲ್ಲದಿರುವುದು, ನಿದ್ದೆ ಹಸಿವುಗಳ ಏರುಪೇರು, ತಾನು ಯಾರಿಗೂ ಬೇಡವೆಂಬ ಭಾವ ಇದ್ದರೆ ಅದು ಖಿನ್ನತೆಯಾಗಿರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸಾಯುವ ಮಾತು ಬಂದರೆ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಅಂಥವರನ್ನು ಒಂಟಿಯಾಗಿ ಬಿಡಬಾರದು, ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಮನೆಯಲ್ಲಿದ್ದರೆ ಅವತ್ತೇ ಬೇರೆ ಕಡೆ ಸಾಗಿಸಬೇಕು.

ಮನೋರೋಗದ ಚಿಕಿತ್ಸೆ ಎಂದರೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗಬೇಕೆಂಬ ಭಾವನೆ ಇನ್ನೂ ಇದೆ. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿಯೇ 1980ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್ ಒಂದು ದೊಡ್ಡ ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯ ಮಟ್ಟದಲ್ಲೇ ಮಾನಸಿಕ ಕಾಯಿಲೆ ಗುರುತಿಸಿ ಔಷಧ ಕೊಡಬಹುದೆಂದು ಅಲ್ಲಿ ತೋರಿಸಲಾಯಿತು. ಬಳ್ಳಾರಿ ಮಾದರಿ ಎಂದೇ ಹೆಸರಾದ ಆ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಇಡೀ ದೇಶ ನಮ್ಮ ಭಾಗದಿಂದ ಕಲಿತ ಸಂಗತಿ ಇದು, ನಾವೇ ಅದನ್ನು ಮರೆತಿದ್ದೇವೆ. ಈಗ ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರಿದ್ದಾರೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ನಡೆಸುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ರೂಪಿಸಿದೆ. ಫೋನಿನಲ್ಲಿ ಮಾತನಾಡಬೇಕೆಂದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಇದೆ. ಸಂಖ್ಯೆ 14416, ಕರೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಬೇರೆಯವರಿಗೆ ಕೊಡುವ ಚೀಟಿಯಲ್ಲಿ ಬರೆಯುವ ಈ ಸಂಖ್ಯೆಯನ್ನು ನಿಮ್ಮ ಫೋನಿನಲ್ಲೂ ಉಳಿಸಿಕೊಳ್ಳಿ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ. ಒಬ್ಬ ಶುಶ್ರೂಷಕಿ, ರಾತ್ರಿ ಪಾಳಿ ಮುಗಿಸಿ ಹೋದರೆ ಮಗುವನ್ನು ಶಾಲೆಗೆ ಕಳಿಸಬೇಕು, ಮಧ್ಯಾಹ್ನ ಕರೆತರಬೇಕು, ಏಳು ತಾಸು ಒಟ್ಟಿಗೆ ಮಲಗಲು ಆಗುವುದೇ ಇಲ್ಲ ಎಂದರು. ಒಟ್ಟಿಗೆ ಆಗದಿದ್ದರೆ ಎರಡು ತುಂಡಾಗಿ ಮಲಗಬಹುದು: ಮಗು ಶಾಲೆಗೆ ಹೋದ ಮೇಲೆ ನಾಲ್ಕೂವರೆ ತಾಸು, ಸಂಜೆ ಪಾಳಿಗೆ ಮುನ್ನ ಎರಡು ತಾಸು. ಎರಡೂ ಹೊತ್ತು ದಿನವೂ ಒಂದೇ ಸಮಯಕ್ಕೆ ಇದ್ದರೆ ದೇಹ ಒಗ್ಗಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಬಾಗಿಲು ಬಡಿಯಬಾರದೆಂದು ನೆರೆಯವರಿಗೆ ಮೊದಲೇ ಹೇಳಿಡಬೇಕು.

ಇನ್ನೊಬ್ಬರು ನಾಲ್ಕು ವರ್ಷದಿಂದ ಹಾಸಿಗೆಯಲ್ಲಿರುವ ಅತ್ತೆಯನ್ನು ನೋಡಿಕೊಳ್ಳುತ್ತಿರುವವರು. "ಒಮ್ಮೊಮ್ಮೆ ಇವರು ಹೋಗಿಬಿಟ್ಟರ ಸಾಕು ಅನಸ್ತೈತ್ರಿ ಡಾಕ್ಟ್ರ, ನಾ ಪಾಪಿ ಏನ್ರಿ?" ಎಂದು ಎಲ್ಲರ ಮುಂದೆಯೇ ಕೇಳಿದರು. ಸಭೆಯಲ್ಲಿ ಹಲವರು ತಲೆ ತಗ್ಗಿಸಿದ್ದನ್ನು ನೋಡಿದೆ. ವರ್ಷಗಟ್ಟಲೆ ಆರೈಕೆ ಮಾಡುವ ಹೆಚ್ಚಿನವರಿಗೆ ಎಂದಾದರೂ ಈ ಯೋಚನೆ ಬಂದೇ ಬರುತ್ತದೆ, ಯೋಚನೆ ಬಂದದ್ದು ಪಾಪವಲ್ಲ ಎಂದು ಹೇಳಿದೆ. ಬಳಿಕ ಅವರ ಜೊತೆ ಬಂದಿದ್ದ ನಾದಿನಿಯನ್ನು ಕರೆದು, ಮಗ್ಗುಲು ಬದಲಾಯಿಸುವುದು, ನಳಿಕೆ ಸ್ವಚ್ಛ ಮಾಡುವುದು, ಗಂಜಿ ಕುಡಿಸುವಾಗ ತಲೆ ಎತ್ತರಿಸಿ ಹಿಡಿಯುವುದು ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಮುಂದಿನ ವಾರ ಇಬ್ಬರೂ ಬನ್ನಿ, ಕಲಿಸಿಕೊಡುತ್ತೇನೆ, ಆಮೇಲೆ ತಿಂಗಳಿಗೆ ನಾಲ್ಕು ದಿನ ತಾಯಿಯ ಆರೈಕೆ ನಿಮ್ಮ ಪಾಲಿಗೆ ಎಂದೆ. ನಾದಿನಿ ಸ್ವಲ್ಪ ಯೋಚಿಸಿ, ಶನಿವಾರ, ಭಾನುವಾರ ಆಗಬಹುದು, ಅಂಗಡಿ ರಜೆ ಇರುತ್ತದೆ ಎಂದರು.